ಮೀಟರ್ 12.6 ತೋರಿಸುತ್ತಿತ್ತು, ಸೆಲ್ಫ್ ಮಾತ್ರ ತಿರುಗಲಿಲ್ಲ

ಎರಡು ಹೊಸ ಬ್ಯಾಟರಿ, ಒಂದು ಸೆಲ್ಫ್ (ಸ್ಟಾರ್ಟರ್) ಮೋಟರ್ ರಿಪೇರಿ, ಇಂಜಿನ್ನಿನ ಕರೆಂಟನ್ನು ಬ್ಯಾಟರಿಗೆ ತಕ್ಕಂತೆ ಮಾಡಿ ಕೊಡುವ ಒಂದು ರೆಕ್ಟಿಫೈಯರ್. ಇಷ್ಟೆಲ್ಲ ಆದ ಮೇಲೂ ನನ್ನ ದೋಣಿಯ ಕರೆಂಟು ಹೊಳೆಯ ನಡುವೆ ಹೋಗುವುದು ನಿಲ್ಲಲಿಲ್ಲ. ಜೆಟ್ಟಿಯಲ್ಲಿ ಎಲ್ಲರೂ ಹೇಳಿದ್ದು ಒಂದೇ, 'ಇಂಜಿನ್ ಮಾರಿಬಿಡು ಮಾರಾಯಾ.' ನಾನು ಮಾರಲಿಲ್ಲ. ಕೊನೆಗೆ ತಪ್ಪು ಸಿಕ್ಕಿದ್ದು ಒಂದು ಲಗ್ಗಿನ (ಕೇಬಲ್ ತುದಿಗೆ ಒತ್ತಿ ಕೂರಿಸುವ ಲೋಹದ ಬಳೆಯ) ಒಳಗೆ, ಹೆಬ್ಬೆರಳಿನಷ್ಟು ಜಾಗದಲ್ಲಿ. ಆಮೇಲೆ ಒಂದು ಮಳೆಗಾಲ, ಒಂದು ಸೀಸನ್ ಪೂರ್ತಿ ಕಳೆದಿದೆ. ಕೈಯಿಂದ ಸ್ಟಾರ್ಟ್ ಮಾಡಲು ಒಂದು ಸಲವೂ ಹಗ್ಗ ಎಳೆದಿಲ್ಲ.

ಹೊನ್ನಾವರದ ಶರಾವತಿ ಹೊಳೆಯಲ್ಲಿ ಪ್ರವಾಸಿಗರನ್ನು ಸುತ್ತಾಡಿಸುವ ಫೈಬರ್ ದೋಣಿ ನನ್ನದು. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. 40 ಎಚ್‌ಪಿ ಟು ಸ್ಟ್ರೋಕ್ ಔಟ್‌ಬೋರ್ಡ್ (ಹಿಂಬದಿಗೆ ಹೊರಗೆ ಕೂರಿಸುವ) ಇಂಜಿನ್, ಸೆಲ್ಫ್ ಇದೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಸಂದಿಯಲ್ಲಿ ಒಂದು ಸುತ್ತು, ಕೊಂಕಣ ರೈಲ್ವೆ ಸೇತುವೆ ಕಡೆ ಒಂದು ಸುತ್ತು, ಅಳಿವೆ ಕಾಣುವ ತನಕ ಹೋಗಿ ವಾಪಸ್.

ತೊಂದರೆ ಹೀಗಿತ್ತು. ಬೆಳಿಗ್ಗೆ ಮೊದಲ ಎರಡು ಮೂರು ಟ್ರಿಪ್ ಸರಿ. ಮಧ್ಯಾಹ್ನದ ಹೊತ್ತಿಗೆ ಇಂಜಿನ್ ನಿಧಾನ ಮಾಡಿದರೆ ಸಾಕು, ಹಾರ್ನ್ ಇಲ್ಲ, ನೀರು ಹೊರಹಾಕುವ ಪಂಪ್ ಇಲ್ಲ, ಸ್ಪೀಕರ್ ಬಂದ್. ರೇಸ್ ಕೊಟ್ಟರೆ ಎಲ್ಲ ವಾಪಸ್ ಬರುತ್ತಿತ್ತು, ಎಲ್‌ಇಡಿ ಪಟ್ಟಿ ಕಣ್ಣು ಕುಕ್ಕುವ ಹಾಗೆ ಉರಿಯುತ್ತಿತ್ತು. ಇಂಜಿನ್ ಬ್ಯಾಟರಿ ಬೇಡದೆ ಕಿಡಿ ಕೊಡುವ ತನ್ನ ಮ್ಯಾಗ್ನೆಟೊದಲ್ಲೇ ಓಡುವುದರಿಂದ ನಿಲ್ಲುತ್ತಿರಲಿಲ್ಲ. ಆದರೆ ಫೋಟೊ ತೆಗೆಯಲಿ ಅಂತ ಒಮ್ಮೆ ಆಫ್ ಮಾಡಿದರೆ ಮುಗಿಯಿತು. ಕೀ ತಿರುಗಿಸಿದರೆ ಬರೀ ಟಕ್.

ಡಿಸೆಂಬರ್ ಕೊನೆ ವಾರ, ವರ್ಷದಲ್ಲೇ ಜಾಸ್ತಿ ಜನ ಬರುವ ಹೊತ್ತು. ದೋಣಿಯಲ್ಲಿ ಎಂಟು ಜನ, ಅದರಲ್ಲಿ ಇಬ್ಬರು ಮಕ್ಕಳು. ಇಳಿತದ ನೀರು ಅಳಿವೆಯ ಕಡೆ ಎಳೆಯುತ್ತಿತ್ತು. ಕೀ ತಿರುಗಿಸಿದೆ, ಟಕ್. ಹಗ್ಗ ಸುತ್ತಿ ಹನ್ನೊಂದು ಸಲ ಎಳೆದೆ, ಹನ್ನೆರಡನೆಯದಕ್ಕೆ ಹೊತ್ತಿತು. ಅಷ್ಟರಲ್ಲಿ ಒಬ್ಬ ತಾಯಿ ಮಗುವನ್ನು ತಬ್ಬಿಕೊಂಡು ಕೂತಿದ್ದರು, ಒಂದು ಮಾತೂ ಆಡಲಿಲ್ಲ. ಆ ಮುಖ ನನಗೆ ಇನ್ನೂ ನೆನಪಿದೆ. ಮೂರು ದಿನ ದೋಣಿ ಕಟ್ಟಿ ಹಾಕಿದೆ. ಹದಿನೈದು ಸಾವಿರದಷ್ಟು ದುಡಿಮೆ ಹೋಯಿತು.

ಬೇರೆ ದುಡ್ಡಿನ ಲೆಕ್ಕವನ್ನೂ ಹೇಳುತ್ತೇನೆ. ಬ್ಯಾಟರಿ ಒಂದಕ್ಕೆ ಏಳೂವರೆ ಸಾವಿರ, ಎರಡು ತಂದೆ. ಸೆಲ್ಫ್ ಬಿಚ್ಚಿ ಬುಷ್, ಬ್ರಷ್ ಹಾಕಿಸಿದ್ದಕ್ಕೆ ನಾಲ್ಕೂವರೆ. ರೆಕ್ಟಿಫೈಯರ್‌ಗೆ ಆರು ಸಾವಿರ. ಸುಟ್ಟುಹೋದ ಎಲ್‌ಇಡಿ ಪಟ್ಟಿ ಎರಡು, ಸ್ಪೀಕರ್ ಆಂಪ್ಲಿಫೈಯರ್ ಒಂದು, ಸೇರಿ ಮೂರು ಸಾವಿರ. ಹೋದ ದುಡಿಮೆ ಸೇರಿಸಿದರೆ ನಲವತ್ತು ಸಾವಿರ ದಾಟಿತು. ಬ್ಯಾಟರಿ ಅಂಗಡಿಯವರು ಪ್ರತಿ ಸಲ ಮೀಟರ್ ಹಿಡಿದು '12.6 ವೋಲ್ಟ್ ಇದೆ, ಬ್ಯಾಟರಿ ಫಸ್ಟ್ ಕ್ಲಾಸ್' ಅನ್ನುತ್ತಿದ್ದರು. ಅವರು ಹೇಳಿದ್ದು ಸುಳ್ಳಲ್ಲ. ಮೆಕ್ಯಾನಿಕ್ ಒಬ್ಬರು ಕೇಬಲ್ಲುಗಳಿಗೆಲ್ಲ ಮೀಟರಿನ ಬೀಪ್ ಇಟ್ಟು ನೋಡಿದರು. ಎಲ್ಲವೂ ಬೀಪ್ ಅಂದವು. 'ವೈರಿಂಗ್ ಸರಿ ಇದೆ, ಇಂಜಿನ್ನಿನ ಒಳಗೇ ತಪ್ಪು' ಅಂದರು.

ನಾವೆಲ್ಲ ಮೋಸ ಹೋಗುವುದು ಇಲ್ಲೇ. ಕೇಬಲ್ಲಿನ ನೂರಾರು ಎಳೆಯಲ್ಲಿ ಒಂದೇ ಒಂದು ಎಳೆ ತಾಗಿಕೊಂಡಿದ್ದರೂ ಮೀಟರ್ ಬೀಪ್ ಅನ್ನುತ್ತದೆ, 12.6 ಅಂತಲೂ ತೋರಿಸುತ್ತದೆ. ಮೀಟರ್ ಎಳೆಯುವ ಕರೆಂಟು ಇಲ್ಲ ಅನ್ನುವಷ್ಟು ಕಡಿಮೆ. ಸೆಲ್ಫ್ ಎಳೆಯುವುದು ನೂರು ಆಂಪಿಯರ್‌ಗೂ ಮೇಲೆ. ಹಾಗಾಗಿ ಲೋಡ್ ಇಲ್ಲದೆ ನೋಡಿದ ವೋಲ್ಟೇಜನ್ನು ನಾನು ಈಗ ನಂಬುವುದೇ ಇಲ್ಲ.

ನಾನು ಮಾಡಿದ್ದು ಇಷ್ಟು. ಮೊದಲು ಬ್ಯಾಟರಿ ಪೆಟ್ಟಿಗೆ, ಪೆಟ್ರೋಲ್ ಟ್ಯಾಂಕ್ ಇರುವ ಜಾಗ ಎರಡನ್ನೂ ತೆರೆದು ಗಾಳಿಯಾಡಲು ಬಿಟ್ಟೆ. ಗೇರ್ ನ್ಯೂಟ್ರಲ್. ಇಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ಚಿನ ಕ್ಲಿಪ್ ಕಿತ್ತೆ. ನನ್ನ ಇಂಜಿನ್ನಿನಲ್ಲಿ ಕ್ಲಿಪ್ ಇಲ್ಲದಿದ್ದರೂ ಸೆಲ್ಫ್ ತಿರುಗುತ್ತದೆ, ಇಂಜಿನ್ ಹೊತ್ತುವುದಿಲ್ಲ. ಕೆಲವು ಇಂಜಿನ್ನಿನಲ್ಲಿ ಸೆಲ್ಫೇ ತಿರುಗುವುದಿಲ್ಲ, ನಿಮ್ಮದು ನೋಡಿಕೊಳ್ಳಿ. ಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟು, ಒಂದು ಮುಳ್ಳನ್ನು ಬ್ಯಾಟರಿಯ ಮೈನಸ್ ಸೀಸದ (ಸೀಸದ ಗೂಟದ) ಮೇಲೆ ಒತ್ತಿದೆ. ಲಗ್ಗಿನ ಮೇಲಲ್ಲ, ಸೀಸದ ಮೇಲೇ. ಇನ್ನೊಂದು ಮುಳ್ಳು ಇಂಜಿನ್ ಬ್ಲಾಕಿನ ಬೋಲ್ಟಿನ ಮೇಲೆ. ತಮ್ಮನ ಮಗನಿಗೆ 'ಸೆಲ್ಫ್ ಹೊಡಿ' ಅಂದೆ. ಐದು ಸೆಕೆಂಡು, ಅದಕ್ಕಿಂತ ಜಾಸ್ತಿ ಬೇಡ.

ಅಲ್ಲಿ ಸೊನ್ನೆಯ ಹತ್ತಿರ ಬರಬೇಕು. 0.2 ವೋಲ್ಟ್, ಹೆಚ್ಚೆಂದರೆ 0.3. ಬಂದಿದ್ದು 2.2.

ಅದು ಬೆಳಗಿನ ಲೆಕ್ಕ, ದೋಣಿ ತಣ್ಣಗಿರುವಾಗ. ಮಧ್ಯಾಹ್ನ ನಾಲ್ಕು ಸುತ್ತು ಖಾಲಿ ಓಡಿಸಿ ತಂದು ಅದೇ ಜಾಗದಲ್ಲಿ ಹಿಡಿದರೆ 7 ದಾಟಿತ್ತು. ಸೆಲ್ಫ್ ಟಕ್ ಅಂದಿತು, ತಿರುಗಲಿಲ್ಲ. ಅಂದರೆ ಬ್ಯಾಟರಿಯ ಅರ್ಧಕ್ಕಿಂತ ಹೆಚ್ಚು ವೋಲ್ಟು ದಾರಿಯಲ್ಲೇ ಖರ್ಚಾಗುತ್ತಿತ್ತು. ಆ ಕ್ಷಣದಲ್ಲಿ ನಾನು ಜೋರಾಗಿ ಕೂಗಿದ್ದು ಪಕ್ಕದ ದೋಣಿಯವರಿಗೂ ಕೇಳಿಸಿತು.

ಆಮೇಲಿನದು ಹೆಜ್ಜೆ ಹೆಜ್ಜೆಯಾಗಿ ಮುಳ್ಳು ಸರಿಸುವ ಕೆಲಸ. ನನ್ನ ದೋಣಿಯಲ್ಲಿ ಇಂಜಿನ್, ಪಂಪ್, ಹಾರ್ನ್ ಎಲ್ಲದರ ಮೈನಸ್ಸೂ ಹಿಂಬದಿಯ ಒಂದು ಹಿತ್ತಾಳೆ ಪಟ್ಟಿಗೆ ಬರುತ್ತದೆ. ಅಲ್ಲಿಂದ ಒಂದೇ ದಪ್ಪ ಕೇಬಲ್ ಬ್ಯಾಟರಿಗೆ. ಪಟ್ಟಿಯಿಂದ ಇಂಜಿನ್ನಿಗೆ 0.1, ಸರಿ ಇದೆ. ಬ್ಯಾಟರಿ ಸೀಸದಿಂದ ಲಗ್ಗಿಗೆ 0.04, ಅದೂ ಸರಿ. ಲಗ್ಗಿನಿಂದ ಅದರ ಮೇಲಿನ ಪ್ಲಾಸ್ಟಿಕ್ ಸ್ಲೀವ್ ದಾಟಿ ಕೇಬಲ್ಲಿಗೆ ಒಂದು ಹೊಲಿಗೆ ಸೂಜಿ ಚುಚ್ಚಿ ಹಿಡಿದೆ. ಉಳಿದದ್ದೆಲ್ಲ ಅಲ್ಲೇ ಇತ್ತು.

ಹೊರಗಿನಿಂದ ನೋಡಿದರೆ ಆ ಲಗ್ಗು ಹೊಸದರ ಹಾಗೆ ಹೊಳೆಯುತ್ತಿತ್ತು. ಕಪ್ಪು ಸ್ಲೀವ್ ಬಿಗಿಯಾಗಿ ಕೂತಿತ್ತು. ಬ್ಲೇಡಿನಿಂದ ಸ್ಲೀವ್ ಸೀಳಿದೆ. ಒಳಗೆ ಹಸಿರು ಕಿಲುಬು ಹಿಟ್ಟಿನ ಹಾಗೆ ಉದುರಿತು. ಬೆರಳಲ್ಲಿ ಕೇಬಲ್ ಎಳೆದರೆ ಹಲ್ಲು ಅಲುಗಿದ ಹಾಗೆ ಅಲುಗಿತು. ಅರ್ಧಕ್ಕಿಂತ ಜಾಸ್ತಿ ಎಳೆಗಳು ಕಪ್ಪಾಗಿ ಮುರಿದಿದ್ದವು. ಹಿಂದೆ ಯಾರೋ ಅದನ್ನು ಚಾಣ ಇಟ್ಟು ಸುತ್ತಿಗೆಯಿಂದ ಒತ್ತಿದ್ದರು, ಗುರುತು ಕಾಣುತ್ತಿತ್ತು. ಆ ಸಂದಿಗೆ ಉಪ್ಪುನೀರು ಹೋಗಿದೆ. ಕರೆಂಟು ಹರಿದಷ್ಟೂ ಜಾಯಿಂಟ್ ಬಿಸಿ, ಬಿಸಿಯಾದಷ್ಟೂ ಇನ್ನೂ ಸಡಿಲ. ಮಧ್ಯಾಹ್ನವೇ ಯಾಕೆ ಕೈಕೊಡುತ್ತಿತ್ತು ಅಂತ ಆಗ ಅರ್ಥವಾಯಿತು.

ಎಲ್‌ಇಡಿ ಯಾಕೆ ಸುಟ್ಟಿತು ಅನ್ನುವುದಕ್ಕೂ ಉತ್ತರ ಅಲ್ಲೇ ಸಿಕ್ಕಿತು. ಇಂಜಿನ್ ಓಡುವಾಗ ಬ್ಯಾಟರಿ ಜಾಯಿಂಟ್ ಬಿಟ್ಟರೆ ರೆಕ್ಟಿಫೈಯರಿನಿಂದ ಬರುವ ವೋಲ್ಟೇಜನ್ನು ಹಿಡಿದಿಡುವವರು ಯಾರೂ ಇಲ್ಲ. ಒಮ್ಮೆ ಎಲ್‌ಇಡಿ ಪಟ್ಟಿಯ ಲೈನಿನಲ್ಲಿ 17 ವೋಲ್ಟ್ ದಾಟಿದ್ದನ್ನು ನಾನೇ ನೋಡಿದ್ದೆ. ಮೀಟರ್ ಹಾಳಾಗಿದೆ ಅಂದುಕೊಂಡು ಬಿಟ್ಟಿದ್ದೆ. ರೇಸ್ ಕೊಟ್ಟಾಗ ಲೈಟು ಅತಿಯಾಗಿ ಉರಿದರೆ ಮೊದಲು ಬ್ಯಾಟರಿ ಜಾಯಿಂಟುಗಳನ್ನು ನೋಡಿ. ನನಗೆ ಇದು ಮೊದಲೇ ತಲೆಗೆ ಹೋಗಿದ್ದರೆ ರೆಕ್ಟಿಫೈಯರಿನ ಆ ಆರು ಸಾವಿರ ಉಳಿಯುತ್ತಿತ್ತು.

ಲಗ್ಗು ಮಾತ್ರ ಬದಲಿಸೋಣ ಅಂತ ಕೇಬಲ್ ಕತ್ತರಿಸಿದೆ. ಒಂದು ಗೇಣು ಒಳಗೆ ಹೋದರೂ ತಾಮ್ರ ಕಪ್ಪು. ಸುಮ್ನೆ ತೇಪೆ ಹಾಕುವುದು ಬೇಡ ಅಂತ ತವರ ಬಳಿದ ತಾಮ್ರದ 25 ಸ್ಕ್ವೇರ್ (ಚದರ ಮಿಲಿಮೀಟರ್) ಕೇಬಲ್ ತರಿಸಿದೆ. ಕೇಬಲ್, ಲಗ್ಗು, ಒಳಗೆ ಅಂಟು ಇರುವ ಸ್ಲೀವ್ ಸೇರಿ 2,400 ಆಯಿತು. ಲಗ್ಗು ಒತ್ತುವ ಹೈಡ್ರಾಲಿಕ್ ಪಂಚ್ ಸ್ನೇಹಿತನದು. ಪಂಚ್ ಮಾಡುವ ಮೊದಲು ಎಳೆಗಳಿಗೆ ನಾನು ಒಂದು ವಸ್ತು ಸವರುತ್ತೇನೆ. ಅದು ಏನು ಅಂತ ಇಲ್ಲಿ ಬರೆಯುವುದಿಲ್ಲ, ನಾಲ್ಕು ತಿಂಗಳು ತಲೆ ಕೆಡಿಸಿಕೊಂಡು ಕಂಡುಕೊಂಡದ್ದು ಅದು. ಹೊಸ ಕೇಬಲ್ ಹಾಕಿ ಹೊಡೆದಾಗ ಸೀಸದಿಂದ ಬ್ಲಾಕಿಗೆ 0.15. ಮಧ್ಯಾಹ್ನ ನಾಲ್ಕು ಸುತ್ತಿನ ನಂತರವೂ ಅಷ್ಟೇ.

ಬೆಸುಗೆ ಹಾಕಬಾರದಾ ಅಂತ ಕೇಳುವವರಿದ್ದಾರೆ. ನಾನೂ ಒಂದು ಲಗ್ಗಿಗೆ ಹಾಕಿ ನೋಡಿದೆ. ಬೆಸುಗೆಯ ಸೀಸ ಕೇಬಲ್ಲಿನ ಒಳಗೆ ಏರಿ ಆ ಭಾಗ ಕಡ್ಡಿಯಂತೆ ಸೆಟೆಯಿತು. ಇಂಜಿನ್ನಿನ ನಡುಕಕ್ಕೆ ಎರಡು ತಿಂಗಳಲ್ಲಿ ಬೆಸುಗೆ ಮುಗಿಯುವ ಗೆರೆಯಲ್ಲೇ ಎಳೆಗಳು ಮುರಿಯಲು ಶುರುವಾದವು. ದೋಣಿಗೆ ಬರೀ ಬೆಸುಗೆ ಬೇಡ.

ಇನ್ನೊಂದು ಪ್ರಯೋಗ ಮನೆಯಲ್ಲಿ. ಏಪ್ರಿಲ್‌ನಲ್ಲಿ ಹೊಳೆಯ ನೀರು ಒಳ್ಳೆ ಉಪ್ಪಾಗಿರುತ್ತದಲ್ವಾ, ಅದನ್ನು ನಾಲ್ಕು ಉಪ್ಪಿನಕಾಯಿ ಬಾಟಲಿಗೆ ತುಂಬಿದೆ. ಒಂದರಲ್ಲಿ ಸಾದಾ ವೆಲ್ಡಿಂಗ್ ಕೇಬಲ್, ಒಂದರಲ್ಲಿ ತವರದ ಕೇಬಲ್, ಒಂದರಲ್ಲಿ ವ್ಯಾಸಲಿನ್ ಬಳಿದ ವೆಲ್ಡಿಂಗ್ ಕೇಬಲ್, ಒಂದರಲ್ಲಿ ತೆಂಗಿನೆಣ್ಣೆ ಬಳಿದದ್ದು. ತುದಿ ಮಾತ್ರ ಮುಳುಗುವ ಹಾಗೆ ಇಟ್ಟೆ. ನಲವತ್ತು ದಿನ. ಸಾದಾ ಕೇಬಲ್ಲಿನಲ್ಲಿ ನೀರು ಬತ್ತಿಯ ಹಾಗೆ ಮೇಲೇರಿ ನಾಲ್ಕು ಇಂಚು ಕಪ್ಪು ಮಾಡಿತ್ತು. ತೆಂಗಿನೆಣ್ಣೆಯದೂ ಹೆಚ್ಚು ಕಡಿಮೆ ಹಾಗೇ. ವ್ಯಾಸಲಿನ್ ಬಳಿದದ್ದು ಒಂದು ಇಂಚು. ತವರದ್ದು ತುದಿಯಲ್ಲಿ ಮಂಕಾಗಿತ್ತು, ಅಷ್ಟೇ. ತವರದ ಕೇಬಲ್ಲಿಗೆ ಮೀಟರ್ ಉದ್ದಕ್ಕೆ ಎರಡು ಪಟ್ಟು ದುಡ್ಡು ಯಾಕೆ ಕೊಡಬೇಕು ಅಂತ ಕೇಳುವವರಿಗೆ ನಾನು ಆ ಬಾಟಲಿಗಳನ್ನೇ ತೋರಿಸುತ್ತೇನೆ.

ಮಳೆಗಾಲದಲ್ಲಿ ಬ್ಯಾಟರಿ ಸಾಯುವುದಕ್ಕೂ ಒಂದು ಕಾರಣ ಸಿಕ್ಕಿತು. ಎಲ್ಲ ಆಫ್ ಮಾಡಿ ಮೈನಸ್ಸಿಗೆ ಮೀಟರನ್ನು ಸಾಲಾಗಿ ಸೇರಿಸಿದರೆ 60 ಮಿಲಿಆಂಪಿಯರ್ ತೋರಿಸಿತು. ಸ್ಪೀಕರ್ ಆಂಪ್ಲಿಫೈಯರಿನದು. ನೋಡಲು ಏನೂ ಅಲ್ಲ. ದಿನಕ್ಕೆ ಒಂದೂವರೆಗಿಂತ ತುಸು ಕಡಿಮೆ ಆಂಪಿಯರ್ ಅವರ್ ಆದರೂ ಎರಡು ತಿಂಗಳಿಗೆ 85ರ ಆಸುಪಾಸು, ನನ್ನ ಬ್ಯಾಟರಿಯೇ 80. ಈಗ ಮೇ ಕೊನೆಗೆ ಮೈನಸ್ ಕಳಚಿ ಬ್ಯಾಟರಿಯನ್ನು ಮನೆಗೆ ಒಯ್ಯುತ್ತೇನೆ.

ಮಾರಿಬಿಡು ಅಂದವರಲ್ಲೇ ಒಬ್ಬರು ಕಳೆದ ಭಾನುವಾರ ಕರೆದರು. ಅವರದೂ ಅದೇ ಟಕ್. ಮೈನಸ್ ಕಡೆ ಎಲ್ಲ ಸರಿ. ಪ್ಲಸ್ ಕಡೆ ಮೇನ್ ಸ್ವಿಚ್ಚಿನ ಎರಡು ಬೋಲ್ಟುಗಳ ನಡುವೆ ಹಿಡಿದು ಸೆಲ್ಫ್ ಹೊಡೆಸಿದೆ, 1.4 ಬಂತು. ಸ್ವಿಚ್ಚನ್ನು ಮುಟ್ಟಿದರೆ ಕೈ ಹಿಂದೆ ಎಳೆಯಬೇಕು, ಅಷ್ಟು ಬಿಸಿ. ಅವರು ಹೊಸ ಬ್ಯಾಟರಿಗೆ ಕೊಟ್ಟಿದ್ದ ಅಡ್ವಾನ್ಸ್ ವಾಪಸ್ ಕೇಳಲು ಅಲ್ಲಿಂದಲೇ ಅಂಗಡಿಗೆ ಹೋದರು.