ಹಾಯಿದೋಣಿಗೆ ಪಿಟೀಲು ತರುವವರಿಗೆ

ಜೂನ್‌ನಿಂದ ನವೆಂಬರ್‌ವರೆಗೆ ಕೆರಿಬಿಯನ್‌ನಲ್ಲಿ ಚಂಡಮಾರುತದ ಕಾಲ. ಆಗ ನಾನು ಅಲ್ಲಿನ ಹಾಯಿದೋಣಿ ಬಿಟ್ಟು ಚಿಂತಾಮಣಿಗೆ ಬಂದುಬಿಡುತ್ತೇನೆ. ಪಿಟೀಲು ಕಲಿಯುವ ಹುಡುಗರದು ಒಂದೇ ಪ್ರಶ್ನೆ: "ಅಕ್ಕ, ನಾವೂ ದೋಣಿಯಲ್ಲಿದ್ದು ನುಡಿಸಬಹುದಾ?" ನುಡಿಸಬಹುದು. ಮೊದಲು ವಾದ್ಯ ಉಳಿಸಿಕೊಳ್ಳಿ.

ನಮ್ಮೂರಿನ ಒಣಹವೆಗೆ ಒಗ್ಗಿದ ಮರ ಅಲ್ಲಿನ ತೇವಕ್ಕೆ ಊದುತ್ತದೆ, ಬಿರಡೆ ಬಿಗಿದುಕೊಳ್ಳುತ್ತದೆ. ಉಪ್ಪುಗಾಳಿಗೆ ಉಕ್ಕಿನ ತಂತಿ ತುಕ್ಕು ಹಿಡಿಯುತ್ತದೆ. ನುಡಿಸಿದ ಮೇಲೆ ತಂತಿಯನ್ನು ಒಣ ಹತ್ತಿಬಟ್ಟೆಯಲ್ಲಿ ಒರೆಸಿ, ಕಮಾನು ಸಡಿಲಿಸಿ, ಪೆಟ್ಟಿಗೆಯೊಳಗೆ ತೇವ ಹೀರುವ ಸಿಲಿಕಾ ಜೆಲ್ ಇಡಿ. ಮುಚ್ಚಿದ ಕ್ಯಾಬಿನ್ನಿನಲ್ಲಿ ಬಿಟ್ಟು ಹೋಗಬೇಡಿ, ಶಾಖಕ್ಕೆ ಅಂಟು ಬಿಟ್ಟುಕೊಳ್ಳುತ್ತದೆ. ಅಜ್ಜನ ಕಾಲದ ಪಿಟೀಲು ಮನೆಯಲ್ಲೇ ಇರಲಿ.

ಚಕ್ಕಳಮಕ್ಕಳ ಹಾಕಿ ಕೂರುವ ನಮ್ಮ ಅಭ್ಯಾಸ ದೋಣಿಗೆ ಹೇಳಿ ಮಾಡಿಸಿದ್ದು. ನಿಂತು ನುಡಿಸುವವರು ಅಲೆಗೆ ತೂರಾಡುತ್ತಾರೆ, ನಾವು ಅಲ್ಲಾಡಲ್ಲ! ಆದರೂ ದೋಣಿ ಸಾಗುವಾಗ ಬೇಡ, ಲಂಗರು ಹಾಕಿದ ಮೇಲೆ ನುಡಿಸಿ.

ಅಲ್ಲಿನವರ ಜೊತೆ ಕೂತು ನುಡಿಸಬೇಕಾದರೆ ಶ್ರುತಿಯ ಲೆಕ್ಕ ಬೇಕು. ಸ್ಟೀಲ್‌ಪ್ಯಾನ್ ಟ್ರಿನಿಡಾಡ್‌ನಲ್ಲಿ ಎಣ್ಣೆ ಡ್ರಮ್ಮಿನಿಂದ ಹುಟ್ಟಿದ ವಾದ್ಯ. ಅದರ ಸ್ವರ ಸುತ್ತಿಗೆಯಿಂದ ಬಡಿದು ಕೂರಿಸಿದ್ದು, ಕಛೇರಿಯ ನಡುವೆ ಬದಲಿಸೋಕಾಗಲ್ಲ. ನೀವೇ ಅದಕ್ಕೆ ಹೊಂದಿಕೊಳ್ಳಿ. ಮೋಹನ, ಹಂಸಧ್ವನಿ ರಾಗಗಳು ಸಲೀಸು. ತೋಡಿ ಬೇಡ, ಸ್ವರವನ್ನು ಜಾರಿಸಿ ಓಲಾಡಿಸುವ ಗಮಕ ಪ್ಯಾನ್‌ನಲ್ಲಿ ಎಲ್ಲಿಂದ ಬರಬೇಕು, ಅಲ್ವಾ?

ಇನ್ನು ದುಡ್ಡು. ಗ್ರೆನಡಾ, ಸೇಂಟ್ ಲೂಸಿಯಾ ಎಲ್ಲ ಬೇರೆ ಬೇರೆ ದೇಶಗಳು. ಪ್ರವಾಸಿ ಅಂತ ಇಳಿದು ಸಂಭಾವನೆ ಪಡೆಯುವಂತಿಲ್ಲ. ಕೆಲಸದ ಪರವಾನಗಿಯ ಬಗ್ಗೆ ಆಯಾ ದೇಶದ ಅಧಿಕಾರಿಗಳನ್ನೇ ಕೇಳಿ. ಸಿಗುವ ತನಕ ಪಕ್ಕದ ದೋಣಿಯವರಿಗೆ ಸುಮ್ಮನೆ ಖುಷಿಗೆ ನುಡಿಸಿ.