ಒಂದು ಗೆರೆಯ ಅಗಲ

ನಮ್ಮೂರು ಭದ್ರಾ ನಾಲೆಯ ಕೊನೆ ಭಾಗದಲ್ಲಿದೆ. ನಾಟಿಯಾದ ಗದ್ದೆಗೆ ಇಳಿದರೆ ಹಿಮ್ಮಡಿ ಊರಿದ ಕಡೆಯೆಲ್ಲ ಕೆಸರಿನಿಂದ ಗುಳುಗುಳು ಗುಳ್ಳೆ ಏಳುತ್ತಿತ್ತು. ಅದರಲ್ಲಿ ಮೀಥೇನ್ ಇದೆ ಎಂದು ತಿಳಿದದ್ದು ಎಂ.ಎಸ್ಸಿ.ಗೆ ಬಂದ ಮೇಲೆ. ಮುಂದೆ ಮೂವತ್ತು ವರ್ಷ ಆ ಅನಿಲವನ್ನೇ ಅಳೆಯುತ್ತ ಕೂರುತ್ತೇನೆ ಎಂಬ ಕಲ್ಪನೆ ಆಗ ಇರಲಿಲ್ಲ.

ಪಿಎಚ್.ಡಿ.ಗೆ ಸಿಕ್ಕ ಕೆಲಸ ಕೇಳಲು ಪುಟ್ಟದು. ಮೀಥೇನ್ ಅಣು ಅವಕೆಂಪು ಬೆಳಕನ್ನು ಹೀರಿದಾಗ ರೋಹಿತದಲ್ಲಿ, ಅಂದರೆ ಬಿಡಿಸಿ ಹರಡಿದ ಬೆಳಕಿನ ಪಟ್ಟಿಯಲ್ಲಿ, ಗೆರೆಗಳು ಮೂಡುತ್ತವೆ, 7.7 ಮೈಕ್ರೋಮೀಟರ್ ತರಂಗಾಂತರದ ಸುತ್ತಲಿನ ಆ ಗೆರೆಗಳ ಅಗಲ ಅಳೆಯಬೇಕು, ಅಷ್ಟೆ. ಅನಿಲ ತುಂಬಿ ಬೆಳಕು ಹಾಯಿಸುವ ಮುಚ್ಚಿದ ಪಾತ್ರೆಗೆ ಕೋಶ ಎನ್ನುತ್ತೇವೆ. ಅದರಲ್ಲಿ ಮೀಥೇನ್ ಒಂದೇ, ಅದೂ ತೀರಾ ಕಡಿಮೆ ಒತ್ತಡದಲ್ಲಿ ಇದ್ದರೆ ಗೆರೆ ಬಲು ಸಪೂರ. ಗಾಳಿ ಬಿಡುತ್ತ ಹೋದಂತೆ ನೈಟ್ರೋಜನ್, ಆಕ್ಸಿಜನ್ ಅಣುಗಳು ಬಂದು ಬಂದು ಡಿಕ್ಕಿ ಹೊಡೆಯುತ್ತವೆ, ಗೆರೆ ಹರಡಿಕೊಳ್ಳುತ್ತದೆ. ಅದೇ ಒತ್ತಡದಲ್ಲಿ ಉಷ್ಣತೆ ಇಳಿಸಿದರೆ ಇನ್ನಷ್ಟು ಹರಡುತ್ತದೆ. ಎಷ್ಟು ಇಳಿಸಿದರೆ ಎಷ್ಟು, ಎಂಬ ಘಾತಾಂಕವೇ ನನ್ನ ಪ್ರಬಂಧದ ತಿರುಳು.

ಇದು ಯಾರಿಗೆ ಬೇಕು ಎಂದು ಮನೆಯವರೂ ಕೇಳಿದ್ದಾರೆ. ಉಪಗ್ರಹ ಮೀಥೇನನ್ನು ಮೇಲಿಂದ ಬಂದು ತೂಗುವುದಿಲ್ಲ. ಅದಕ್ಕೆ ಸಿಗುವುದು ಬೆಳಕಿನಲ್ಲಿ ಕಪ್ಪಾದ ಗೆರೆಗಳು ಮಾತ್ರ. ಆ ಗೆರೆಯನ್ನು ಪ್ರಮಾಣವಾಗಿ ಓದಲು ನೆಲದ ಪ್ರಯೋಗಾಲಯದಲ್ಲಿ ಅಳೆದಿಟ್ಟ ತೀವ್ರತೆ, ಅಗಲ, ಘಾತಾಂಕ ಬೇಕು. ಹಿಟ್ರಾನ್ ಎಂಬ ದತ್ತಕೋಶ 1970ರ ದಶಕದಿಂದ ಇವನ್ನು ಕೂಡಿಡುತ್ತ ಬಂದಿದೆ, ಎಲ್ಲವನ್ನೂ 296 ಕೆಲ್ವಿನ್ (ಸುಮಾರು 23 ಡಿಗ್ರಿ ಸೆಲ್ಸಿಯಸ್) ಉಷ್ಣತೆಯ ಲೆಕ್ಕಕ್ಕೆ ಹೊಂದಿಸಿ. ಈಗ ಗಾಳಿಯಲ್ಲಿ ಮೀಥೇನ್ ಸುಮಾರು 1,900 ಪಿಪಿಬಿ ಇದೆ, ಅಂದರೆ ಗಾಳಿಯ ನೂರು ಕೋಟಿ ಅಣುಗಳಲ್ಲಿ ಅಷ್ಟು. ನಮ್ಮ ಅಂಕಿಯಿಂದ ಉಪಗ್ರಹದ ಓದಿನಲ್ಲಿ ಶೇ. 1ರಷ್ಟು ತಪ್ಪು ನುಸುಳಿದರೆ 19 ಪಿಪಿಬಿ ಆಚೀಚೆ. ಆದರೆ ವರ್ಷವೊಂದರಲ್ಲಿ ಗಾಳಿಗೆ ಸೇರುತ್ತಿರುವ ಹೆಚ್ಚಳವೇ 10 ಪಿಪಿಬಿ ಆಸುಪಾಸಿನದು. ಯಾವ ದೇಶದ ಗದ್ದೆ, ಯಾವ ಗ್ಯಾಸ್ ಪೈಪು ಎಂದು ಹುಡುಕುವವನಿಗೆ ಈ ಶೇ. 1 ಬಹಳ ದೊಡ್ಡದು.

ಕೆಲಸ ನಡೆಯುತ್ತಿದ್ದುದು ರಾತ್ರಿ. ಹಗಲು ರಸ್ತೆಯ ಲಾರಿಗಳ ಅದುರಿಗೆ ರೋಹಿತಮಾಪಕದ ಕನ್ನಡಿ ನಡುಗುತ್ತಿತ್ತು. ಸಂಜೆ ಕೋಶವನ್ನು ಪಂಪಿನಿಂದ ಖಾಲಿ ಮಾಡಿ, ಡಿಟೆಕ್ಟರಿಗೆ ದ್ರವ ನೈಟ್ರೋಜನ್ ಸುರಿಯಬೇಕು. ಮೊದಲು ಒಂದು ಲೋಟದಷ್ಟೇ ಬಿಡಬೇಕು. ಒಳಗೆ ಚರಚರ ಸದ್ದು ಮಾಡಿ ಬಿಳಿ ಹೊಗೆ ಉಗುಳುತ್ತದೆ, ಅದು ಸುಮ್ಮನಾದ ಮೇಲೆ ಉಳಿದದ್ದು. ಆಮೇಲೆ ಸೂಜಿ ಕವಾಟ ತಿರುಗಿಸಿ ಅನಿಲ ಬಿಟ್ಟು, ಒತ್ತಡದ ಅಂಕಿ ನಿಲ್ಲುವವರೆಗೆ ಕಾಯುವುದು. ಯಂತ್ರದೊಳಗೆ ಚೂರು ತೇವ ಉಳಿದಿದ್ದರೂ ನೀರಾವಿಯ ಗೆರೆಗಳು ಮೀಥೇನಿನ ಪಕ್ಕದಲ್ಲೇ ಬಂದು ಕೂರುತ್ತವೆ. ಮಳೆಗಾಲದಲ್ಲಿ ಈ ಕಾಟದಿಂದ ಅತ್ತದ್ದೂ ಇದೆ.

ಮೂರನೇ ವರ್ಷ ದೊಡ್ಡ ಪೆಟ್ಟು ಬಿತ್ತು. 200 ಕೆಲ್ವಿನ್‌ನಲ್ಲಿ ತೆಗೆದ ನಾಲ್ಕು ತಿಂಗಳ ರೋಹಿತಗಳಲ್ಲಿ ಘಾತಾಂಕ ಏಕೋ ಕಡಿಮೆ ಬರುತ್ತಿತ್ತು. ಒತ್ತಡಮಾಪಕ ಬದಲಿಸಿದೆ, ಸೋರಿಕೆ ಹುಡುಕಿದೆ, ಏನೂ ಇಲ್ಲ. ಕೊನೆಗೆ ಅಗಲವನ್ನು ಬದಿಗಿಟ್ಟು ಗೆರೆಗಳ ತೀವ್ರತೆ ನೋಡಿದೆ. ಅನಿಲ ತಣ್ಣಗಾದಂತೆ ವೇಗವಾಗಿ ತಿರುಗುವ ಅಣುಗಳ ಸಂಖ್ಯೆ ಇಳಿಯುತ್ತದೆ, ಅವುಗಳ ಗೆರೆ ಮಂಕಾಗುತ್ತದೆ. ನನ್ನವು ಮಂಕಾಗಬೇಕಾದಷ್ಟು ಆಗಿರಲಿಲ್ಲ. ಲೆಕ್ಕ ಹಾಕಿದರೆ ಅನಿಲ ನಿಜಕ್ಕೂ 208 ಕೆಲ್ವಿನ್‌ನಲ್ಲಿತ್ತು. ಸಂವೇದಕ ಅಂಟಿಸಿದ್ದು ಕೋಶದ ಹೊರಗೋಡೆಗೆ. ಎರಡು ತುದಿಯ ಕಿಟಕಿಗಳಿಂದ ಕೋಣೆಯ ಬಿಸಿ ಒಳಗೆ ಇಳಿಯುತ್ತಿತ್ತು. ನಾಲ್ಕು ತಿಂಗಳ ದತ್ತಾಂಶ ಕಸಕ್ಕೆ ಹೋಯಿತು. ಆದರೂ ಆ ರಾತ್ರಿ ನನಗಾದ ಸಂತೋಷ ಹೇಳತೀರದು. ಸಂವೇದಕ ಸುಳ್ಳು ಹೇಳಿದರೂ ಅಣು ತನ್ನ ಉಷ್ಣತೆಯನ್ನು ತಾನೇ ಹೇಳಿತ್ತು. ಅಂದಿನಿಂದ ತೀವ್ರತೆಗಳನ್ನು ನೋಡದೆ ಯಾವ ಅಗಲವನ್ನೂ ನಾನು ಒಪ್ಪಿಲ್ಲ.

ಮುಂದೆ ಪ್ರಯೋಗಾಲಯದಿಂದ ಆಕಾಶಕ್ಕೆ ಬಂದೆ. ಛಾವಣಿಯ ಮೇಲಿನ ಕನ್ನಡಿ ಸೂರ್ಯನನ್ನು ಹಿಂಬಾಲಿಸುತ್ತದೆ, ಬೆಳಕು ಕೆಳಗಿನ ರೋಹಿತಮಾಪಕಕ್ಕೆ ಇಳಿಯುತ್ತದೆ. ಇಲ್ಲಿ ನೋಡುವುದು 1.67 ಮೈಕ್ರೋಮೀಟರಿನ ಮೀಥೇನ್ ಗೆರೆಗಳನ್ನು. ಅದೇ ರೋಹಿತದಲ್ಲಿ 1.27 ಮೈಕ್ರೋಮೀಟರ್ ಬಳಿ ಆಕ್ಸಿಜನ್ ಸಿಗುತ್ತದೆ. ಒಣ ಗಾಳಿಯಲ್ಲಿ ಅದರ ಪಾಲು ಶೇ. 20.95 ಎಂದು ಗೊತ್ತಿರುವುದರಿಂದ ಅದನ್ನೇ ಅಳತೆಗೋಲು ಮಾಡಿಕೊಂಡು ಮೀಥೇನಿನ ಪಾಲು ತೆಗೆಯುತ್ತೇವೆ; ಯಂತ್ರದ ಎಷ್ಟೋ ದೋಷಗಳು ಈ ಭಾಗಾಕಾರದಲ್ಲಿ ತಾವೇ ಕಳೆದುಹೋಗುತ್ತವೆ. ಜೂನ್‌ನಿಂದ ಮೋಡ ಕವಿದರೆ ವಾರಗಟ್ಟಲೆ ಸೂರ್ಯನಿಲ್ಲ. ಊರ ಗದ್ದೆಗಳಲ್ಲಿ ನೀರು ನಿಂತು ಮೀಥೇನ್ ಏಳುವ ಹೊತ್ತೂ ಅದೇ, ಈ ಸಂಕಟ ನನ್ನನ್ನು ಇನ್ನೂ ಬಿಟ್ಟಿಲ್ಲ.

ಹಾಗಾಗಿ ಮಳೆಗಾಲ ಬಂದರೆ ಮತ್ತೆ ಕೋಶದ ಮುಂದೆ ಕೂರುತ್ತೇನೆ. ಹೊಸ ಕೋಶದಲ್ಲಿ ಕಿಟಕಿಗಳೂ ತಣ್ಣಗೇ ಇರುತ್ತವೆ, ಅನಿಲದ ನಡುವೆಯೇ ಮೂರು ಸಂವೇದಕಗಳಿವೆ. ಕಳೆದ ವಾರ ವಿದ್ಯಾರ್ಥಿನಿಯೊಬ್ಬಳು 200 ಕೆಲ್ವಿನ್‌ಗೆ ಇಳಿಸಿ ಮೊದಲ ರೋಹಿತ ತೆಗೆದಳು. ಗೆರೆಗಳಿಂದ ಲೆಕ್ಕ ಹಾಕಿದ ಉಷ್ಣತೆ 200.3 ಬಂತು. ಆ 0.3 ಎಲ್ಲಿಂದ ಬಂತು ಎಂದು ಈಗ ಹುಡುಕುತ್ತಿದ್ದೇವೆ.