ಎಕ್ಕದ ಹೂವಿಗೆ ಬರುವ ಜೇನು ಎಣಿಸುವ ಕ್ರಮ: ಪುಣೆಯ ಟೇಕಡಿಗಳಿಗೆ

ರಥಸಪ್ತಮಿಗೆ ಎಕ್ಕದೆಲೆ ತರಲು ವೇತಾಳ ಟೇಕಡಿ, ತಳಜಾಯಿ ಗುಡ್ಡಗಳನ್ನು ಹತ್ತುವ ಪುಣೆಯ ಕನ್ನಡಿಗರಿಗೆ ಗಿಡ ಎಲ್ಲಿದೆಯೆಂದು ಹೇಳಿಕೊಡಬೇಕಿಲ್ಲ. ಯಾವ ಎಕ್ಕ ಎಂಬುದನ್ನು ಮಾತ್ರ ಮೊದಲೇ ನೋಡಿಕೊಳ್ಳಿ. ಎಸಳು ಅಗಲವಾಗಿ ಬಿಚ್ಚಿ ಹಿಂದಕ್ಕೆ ಬಾಗಿದ್ದರೆ ಕ್ಯಾಲೊಟ್ರೋಪಿಸ್ ಜೈಗ್ಯಾಂಟಿಯ; ನೆಟ್ಟಗೆ ನಿಂತು ತುದಿ ನೇರಳೆಯಾಗಿದ್ದರೆ ಮರುಭೂಮಿಯಲ್ಲೂ ಬೆಳೆಯುವ ಪ್ರೊಸೆರಾ. ಎರಡರ ಲೆಕ್ಕ ಬೆರೆಸಬೇಡಿ.

10 ಪಟ್ಟು ಹಿಗ್ಗಿಸುವ ಭೂತಗನ್ನಡಿ, ಸೂಜಿ, ವಾಚು, ನೋಟ್‌ಬುಕ್, ಎರಡು ಬಾಟ್ಲಿ ನೀರು ಇಟ್ಟುಕೊಳ್ಳಿ. ಕನ್ನಡಕ ಹಾಕಿಯೇ ಇರಿ. ಎಕ್ಕದ ಹಾಲು ಕಣ್ಣಿಗೆ ತಾಗಿದರೆ ನೋವೇ ಇಲ್ಲದೆ ದೃಷ್ಟಿ ಮಂಜಾಗಬಹುದು. ನೋವಿಲ್ಲವಲ್ಲ ಎಂದು ಸುಮ್ಮನಿರದೆ ಕೂಡಲೇ ಚೆನ್ನಾಗಿ ತೊಳೆದು ಕಣ್ಣಿನ ಡಾಕ್ಟರರ ಹತ್ತಿರ ಹೋಗಿ.

ದೂರದೂರದ 5 ಗಿಡ ಆರಿಸಿ. ಬೆಳಿಗ್ಗೆ 7.30ರಿಂದ 10, ಸಂಜೆ 4ರಿಂದ 6ರ ನಡುವೆ ಒಂದೊಂದರ ಮುಂದೆ 10 ನಿಮಿಷ, ಎರಡು ಮೀಟರ್ ದೂರದಲ್ಲಿ, ನಿಮ್ಮ ನೆರಳು ಹೂವಿನ ಮೇಲೆ ಬೀಳದಂತೆ ನಿಲ್ಲಿ. ಅರಳಿದ ಗೊಂಚಲು ಎಷ್ಟೆಂದೂ ಬರೆಯಿರಿ. ಅದಿಲ್ಲದೆ ಎರಡು ಗಿಡಗಳನ್ನು ಹೋಲಿಸಲಾಗದು.

ಹೆಜ್ಜೇನು, ತುಡುವೆ, ಹೊಟ್ಟೆಯ ಬುಡ ಕೆಂಪಗಿರುವ ಸಣ್ಣ ಕೋಲುಜೇನು, 4 ಮಿಲಿಮೀಟರಿನ ಮುಜಂಟಿ ಇವಕ್ಕೆ ಬೇರೆಬೇರೆ ಕಾಲಂ ಹಾಕಿ. 2 ಸೆಂಟಿಮೀಟರಿನಷ್ಟಿರುವ ದಪ್ಪ ದುಂಬಿಗಳು ಬಡಗಿ ಜೇನು, ಅಂದರೆ ಕ್ಸೈಲೊಕೋಪಾ. ‘ಪೂರ್ತಿ ಕಪ್ಪು’, ‘ಬೆನ್ನು ಹಳದಿ’ ಎಂದು ಬರೆದರೆ ಸಾಕು, ದೂರದಿಂದ ಪ್ರಭೇದದ ಹೆಸರು ಊಹಿಸಬೇಡಿ. ರೆಕ್ಕೆ ಎರಡೇ ಇದ್ದು ಮೀಸೆ ಮೋಟಾಗಿದ್ದರೆ ಅದು ನೊಣ, ಮೈಮೇಲೆ ಪಟ್ಟೆ ಎಷ್ಟೇ ಇರಲಿ.

ಇಷ್ಟಕ್ಕೇ ನಿಲ್ಲಿಸಿದರೆ ಪಟ್ಟಿ ಉದ್ದವಾಗುತ್ತದೆ, ಆದರೆ ಮಕರಂದ ಕುಡಿದು ಹೋದವು ಯಾವುವು, ಪರಾಗ ಹೊತ್ತವು ಯಾವುವು ಎಂದು ತಿಳಿಯುವುದಿಲ್ಲ. ಎಕ್ಕದ ಪರಾಗ ಪುಡಿಯಾಗಿ ಅಂಟುವುದಿಲ್ಲ. ಹೂವಿನ ನಡುಗಂಬದ ತಲೆಯ ಐದು ಮೂಲೆಗಳಲ್ಲಿ ಐದು ಕಂದು ಚುಕ್ಕೆಗಳಿವೆ. ಸೂಜಿಯಿಂದ ಒಂದನ್ನು ಮೆಲ್ಲಗೆ ಮೇಲಕ್ಕೆ ಎತ್ತಿ: ಅದರ ಜೊತೆ ಪರಾಗದ ಎರಡು ಹಳದಿ ಚೀಲ ಜೋತುಕೊಂಡು ಬರುತ್ತವೆ. ಈ ಜೋಡಿಯನ್ನು ಕಾಲಿಗೆ ಸಿಕ್ಕಿಸಿಕೊಂಡು ಎಳೆದೊಯ್ಯುವ ಕಸುವು ಮುಖ್ಯವಾಗಿ ಬಡಗಿ ಜೇನಿಗಿದೆ. ಹಾಗಾಗಿ ಮೊಬೈಲಿನಲ್ಲಿ ಫೋಟೊ ತೆಗೆಯುವಾಗ ಬೆನ್ನಿಗಿಂತ ಕಾಲು ಮುಖ್ಯ. ದೊಡ್ಡದು ಮಾಡಿ ನೋಡಿದರೆ ಹಳದಿ ಚೀಲ ಕಾಣುತ್ತದೆ.

ಎಣಿಕೆ ಮುಗಿದ ಮೇಲೆ ಪ್ರತಿ ಗಿಡದಲ್ಲಿ ಬಾಡುವ ಹಂತದ 20 ಹೂವುಗಳನ್ನು ಕೀಳದೆ ಭೂತಗನ್ನಡಿಯಲ್ಲಿ ನೋಡಿ. ಒಟ್ಟು 100 ಚುಕ್ಕೆ ಇರಬೇಕು. ಇಲ್ಲದಿರುವವು ಎಷ್ಟೋ, ಶೇಕಡಾ ಅಷ್ಟು ಪರಾಗ ಹೊರಗೆ ಹೋಗಿದೆ. ಆಗಷ್ಟೇ ಅರಳಿದ ಹೂ ನೋಡಿದರೆ ಲೆಕ್ಕ ಕಡಿಮೆ ಬರುತ್ತದೆ. ಸೂಜಿ ಹಾಕಿದ ಹೂ ಸೇರಿಸಬೇಡಿ.

ಮಾರುತಿ ಗುಡಿಯ ಹತ್ತಿರದ ಗಿಡಗಳನ್ನು ಬಿಟ್ಟುಬಿಡಿ. ಶನಿವಾರದ ರುಯಿ (ಮರಾಠಿಯಲ್ಲಿ ಎಕ್ಕ) ಮಾಲೆಗೆ ಎಲೆ ಕಿತ್ತಾಗ ಗೊಂಚಲೂ ಮುರಿದಿರುತ್ತದೆ, ಕಿತ್ತಲ್ಲೆಲ್ಲ ಹಾಲು ಸುರಿಯುತ್ತಿರುತ್ತದೆ.